ಹಸಿವಿನ ಬೆಂಕಿ ಆರಿದ ಮೇಲೆ

ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿ ಜೈನರಿಗೆ ಪವಿತ್ರವಾದ ಬೆಟ್ಟ. ಆಚಾರ್ಯ ಪೂಜ್ಯಪಾದರು ಇಲ್ಲಿ ತಪಸ್ಸನ್ನಾಚರಿಸಿದರೆಂಬುದು ಪರಂಪರೆಯ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಮಲೆಯೂರಿನ ದೇವಚಂದ್ರನು ‘ರಾಜಾವಳೀ ಕಥೆ’ಯನ್ನು ರಚಿಸಿದನು. ಆ ಗ್ರಂಥವು ಹೇಳುವ ಕಥೆಗಳಲ್ಲಿ ಆಚಾರ್ಯ ಸಮಂತಭದ್ರರ ಹಸಿವಿನ ಕಥೆಯೂ ಒಂದು.

ಮುನಿಗಳಾಗಿದ್ದ ಸಮಂತಭದ್ರರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಉಂಡದ್ದೆಲ್ಲ ಬೂದಿಯಾದಂತಾಗಿ ಮರುಕ್ಷಣವೇ ಹಸಿವು ಹೊತ್ತಿಕೊಳ್ಳುವ ರೋಗವದು. ದಿನಕ್ಕೊಮ್ಮೆ ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವ ದಿಗಂಬರ ಮುನಿಗೆ ಅಂಥ ಹಸಿವನ್ನು ತಣಿಸುವ ದಾರಿಯೇ ಇರಲಿಲ್ಲ. ವ್ರತವನ್ನು ಕೆಡಿಸಿಕೊಳ್ಳುವುದಕ್ಕಿಂತ ದೇಹವನ್ನು ಬಿಡುವುದೇ ಲೇಸೆಂದು ಬಗೆದು ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಧರ್ಮಕಾರ್ಯ ಇನ್ನೂ ಬಹಳವಿದೆ, ಮೊದಲು ರೋಗವನ್ನು ವಾಸಿಮಾಡಿಕೊಂಡು ಬಂದು ಮತ್ತೆ ದೀಕ್ಷೆ ಪಡೆಯುವುದು ಎಂದು ಆಜ್ಞಾಪಿಸಿದರು. ಸಮಂತಭದ್ರರು ಮುನಿವೇಷವನ್ನು ತೊರೆದು ಕಾಂಚಿಯ ಭೀಮಲಿಂಗದ ಗುಡಿಗೆ ಹೋಗಿ, ಅಲ್ಲಿ ದಿನವೂ ಅರ್ಪಿತವಾಗುತ್ತಿದ್ದ ರಾಶಿ ನೈವೇದ್ಯವನ್ನು ಉಂಡರು. ದಿನ ಕಳೆದಂತೆ ಹಸಿವು ಇಳಿಯಿತು, ನೈವೇದ್ಯ ಮಿಗತೊಡಗಿತು. ಗುಟ್ಟು ಹೊರಬಿದ್ದು ಅರಸನು ವಿಚಾರಿಸಿದಾಗ ಅವರು ಇಪ್ಪತ್ನಾಲ್ಕು ತೀರ್ಥಂಕರರನ್ನು ಸ್ತುತಿಸಿದರು. ಆ ಸ್ತುತಿಯೇ ‘ಸ್ವಯಂಭೂ ಸ್ತೋತ್ರ’ವೆಂಬುದು ಪ್ರತೀತಿ. ಬಳಿಕ ಅವರು ಮರಳಿ ದೀಕ್ಷೆ ಕೈಗೊಂಡರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯೂ ಸಮಂತಭದ್ರರನ್ನು ಭಸ್ಮಕವನ್ನೇ ಭಸ್ಮಮಾಡಿದವರೆಂದು ಕೊಂಡಾಡುತ್ತದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸ್ತುತಿಯ ವೇಳೆ ಚಂದ್ರಪ್ರಭ ತೀರ್ಥಂಕರರ ಬಿಂಬ ಮೂಡಿದ ಅತಿಶಯವನ್ನು ವಿಸ್ತರಿಸುತ್ತಾರೆ. ಗುರುಗಳ ನಿರ್ಣಯದ ಮುಂದೆ ನಿಲ್ಲುವವರು ಕಡಿಮೆ. ಶಿಷ್ಯನ ಹಸಿವನ್ನು ಅವರು ನಾಲಗೆಯ ಚಾಪಲ್ಯವೆಂದು ಜರೆಯಲಿಲ್ಲ, ಇನ್ನಷ್ಟು ಉಪವಾಸ ಮಾಡೆಂದು ದಂಡಿಸಲಿಲ್ಲ. ರೋಗವನ್ನು ರೋಗವೆಂದೇ ಕಂಡರು. ಮುಂದೆ ಇದೇ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನದ ಲಕ್ಷಣವನ್ನು ಹೇಳುವಾಗ, ಪ್ರತೀಕಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಬಂದೊದಗಿದಾಗ ಮಾತ್ರ ಅದು ಯುಕ್ತವೆಂದರು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವನ್ನು ಮಾಡಿಕೊಳ್ಳುವುದೇ ಧರ್ಮವೆಂಬುದು ಇದರಿಂದ ಸ್ಪಷ್ಟ.

ಇಂದು ಅತಿತೂಕದ ಕಾಯಿಲೆಯಿಂದ ನರಳುವವರಿಗೆ ಈ ಕಥೆ ಹತ್ತಿರದ್ದು. ಕೊಳ್ಳೇಗಾಲದ ಬಟ್ಟೆಯಂಗಡಿಯ ಗದ್ದುಗೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತೇ ಇರುವವರು, ಯಳಂದೂರಿನ ಮನೆಯಲ್ಲಿ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ಗೃಹಿಣಿ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಹನೂರಿನ ನಡುವಯಸ್ಸಿನವರು, ಇಂಥವರಲ್ಲಿ ಕೆಲವರಿಗೆ ಪಥ್ಯ, ನಡಿಗೆ, ಔಷಧ ಯಾವುದೂ ಫಲಿಸದಿದ್ದಾಗ ವೈದ್ಯರು ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಅದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಹೋಗಿ ಬಂದವರು ಊರಿನಲ್ಲಿ ಎರಡು ಮಾತುಗಳನ್ನು ಕೇಳಬೇಕಾಗುತ್ತದೆ. ‘ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡರಂತೆ’ ಎಂಬುದು ಒಂದು. ‘ಜೈನರಾಗಿ ಹುಟ್ಟಿಯೂ ಉಪವಾಸದಿಂದ ಆಗದ್ದು ಕತ್ತರಿಯಿಂದ ಆಯಿತೇ’ ಎಂಬುದು ಇನ್ನೊಂದು. ಎರಡೂ ಅನ್ಯಾಯದ ಮಾತುಗಳು. ಆಗಮದ ದೃಷ್ಟಿಯಿಂದಲೂ ಅವು ನಿಲ್ಲಲಾರವು.

ಸ್ಥೂಲಕಾಯವನ್ನು ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತದೆ. ಪಥ್ಯದಿಂದ ತೂಕ ಇಳಿಸಿದವರ ದೇಹವು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೆಣಗುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ದೇಹವು ವ್ಯಯಿಸುವ ಶಕ್ತಿ ಕುಗ್ಗುತ್ತದೆ. ಬಾಯಿ ಕಟ್ಟಿದವನ ಹಸಿವೂ ಹೀಗೆ ಏರುತ್ತಲೇ ಇರುವುದಾದರೆ ಸೋಲನ್ನೆಲ್ಲ ಅವನ ಸಂಕಲ್ಪದ ಮೇಲೆ ಹೊರಿಸುವುದು ಸರಿಯಲ್ಲ. ‘ಸ್ಲೀವ್’ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗದಿಂದ ಶೇ 80ರಷ್ಟನ್ನು ತೆಗೆಯುತ್ತಾರೆ. ಗ್ರೆಲಿನ್ ಬಹುಪಾಲು ಉತ್ಪತ್ತಿಯಾಗುವ ಮೇಲ್ಭಾಗವೂ ಅದರೊಡನೆ ಹೋಗುವುದರಿಂದ ಹಸಿವೇ ತಗ್ಗುತ್ತದೆ. ‘ಬೈಪಾಸ್’ ಕ್ರಮದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲದಂತೆ ಜಠರವನ್ನು ಬೇರ್ಪಡಿಸಿ, ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ.

ಶಸ್ತ್ರಚಿಕಿತ್ಸೆ ಜೈನ ಪರಂಪರೆಗೆ ಹೊರಗಿನದೂ ಅಲ್ಲ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಬರೆದ ಉಗ್ರಾದಿತ್ಯಾಚಾರ್ಯರು ತಮ್ಮ ಪೂರ್ವಸೂರಿಗಳನ್ನು ನೆನೆಯುವಾಗ ಶಾಲಾಕ್ಯವನ್ನು ಪೂಜ್ಯಪಾದರೂ ಶಲ್ಯತಂತ್ರವನ್ನು ಪಾತ್ರಸ್ವಾಮಿಗಳೂ ಹೇಳಿದರೆನ್ನುತ್ತಾರೆ. ಶಲ್ಯತಂತ್ರವೆಂದರೆ ಶಸ್ತ್ರವೈದ್ಯವೇ. ವೈದ್ಯದ ಎಂಟೂ ಅಂಗಗಳನ್ನು ವಿಸ್ತರಿಸಿದವರೆಂದು ಅವರು ಹೆಸರಿಸುವುದು ಸಮಂತಭದ್ರರನ್ನು. ಹಸಿವಿನ ರೋಗವನ್ನು ಅನುಭವಿಸಿದ ಆಚಾರ್ಯರನ್ನೇ ಪರಂಪರೆಯು ವೈದ್ಯಶಾಸ್ತ್ರದ ಗುರುವೆಂದೂ ಸ್ಮರಿಸುತ್ತದೆ.

ಹಾಗೆಂದು ಕಥೆಯ ಉತ್ತರಾರ್ಧವನ್ನು ಮರೆಯುವಂತಿಲ್ಲ. ಗುರುಗಳ ಆಜ್ಞೆಯಲ್ಲಿ ಎರಡು ಭಾಗಗಳಿದ್ದವು: ರೋಗವನ್ನು ಕಳೆದುಕೊಳ್ಳುವುದು, ಮತ್ತೆ ದೀಕ್ಷೆಗೆ ಬರುವುದು. ಕಾಂಚಿಯಲ್ಲಿ ಹಸಿವು ಆರಿದಾಗ ಸಮಂತಭದ್ರರ ಕೆಲಸ ಮುಗಿಯಲಿಲ್ಲ, ಅಲ್ಲಿಂದಲೇ ಅದು ಪುನಃ ಆರಂಭವಾಯಿತು. ಶಸ್ತ್ರಚಿಕಿತ್ಸೆಯೂ ಹೀಗೆಯೇ. ವೈದ್ಯರು ಜಠರವನ್ನು ಕಿರಿದು ಮಾಡಬಲ್ಲರು, ತೃಷೆಯನ್ನು ಕಿರಿದು ಮಾಡಲಾರರು. ಆ ಭಾಗವು ರೋಗಿಯ ಪಾಲಿಗೇ ಉಳಿಯುತ್ತದೆ. ಅದಕ್ಕೆ ಸಿದ್ಧತೆ ಆಸ್ಪತ್ರೆಗೆ ಹೋಗುವ ಮೊದಲೇ ಆರಂಭವಾಗಬೇಕು.

ಸಿದ್ಧತೆಯ ಮೊದಲ ಮೆಟ್ಟಿಲು ಸಮ್ಯಕ್ ದರ್ಶನ, ಎಂದರೆ ಸರಿಯಾದ ನೋಟ. ಪೂಜ್ಯಪಾದರು ‘ಸಮಾಧಿತಂತ್ರ’ದಲ್ಲಿ ಬಟ್ಟೆಯ ಹೋಲಿಕೆಯೊಂದನ್ನು ಕೊಡುತ್ತಾರೆ. ದಪ್ಪನೆಯ ಬಟ್ಟೆಯನ್ನು ಉಟ್ಟವನು ತಾನೇ ದಪ್ಪನಾದೆನೆಂದು ಬಗೆಯುವುದಿಲ್ಲ. ಹಾಗೆಯೇ ದೇಹವು ದಪ್ಪಗಿದ್ದರೂ ವಿವೇಕಿಯು ಆತ್ಮವನ್ನು ದಪ್ಪವೆಂದು ಬಗೆಯಲಾರನೆಂದು ಅವರು ಹೇಳುತ್ತಾರೆ. ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದವರಿಗೆ ಬಟ್ಟೆಯ ತೂಕವೇ ಬೇರೆ, ಉಟ್ಟವರ ತೂಕವೇ ಬೇರೆಯೆಂಬುದನ್ನು ವಿವರಿಸಬೇಕಾಗಿಲ್ಲ. ಸ್ಥೂಲದೇಹಿಯನ್ನು ಹೀಗಳೆಯುವ ನೆಂಟರಿಗೂ ಕನ್ನಡಿಯ ಮುಂದೆ ತನ್ನನ್ನೇ ಹಳಿದುಕೊಳ್ಳುವ ರೋಗಿಗೂ ಈ ಮಾತು ಒಂದೇ ಔಷಧ. ಆತ್ಮವು ಸ್ಥೂಲವಾಗಿರಲಿಲ್ಲವೆಂದ ಮೇಲೆ ತೂಕ ಇಳಿದ ಮಾತ್ರಕ್ಕೆ ಅದು ತೆಳ್ಳಗಾಗುವುದೂ ಇಲ್ಲ. ರೂಪದ ಮೋಹಕ್ಕಾಗಿ ಚಿಕಿತ್ಸೆಯನ್ನು ಬಯಸುವವರು ಚರ್ಮ ಜೋತುಬಿದ್ದಾಗ, ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರಿದಾಗ ಕುಗ್ಗಿಹೋಗುತ್ತಾರೆ. ಮಂಡಿ, ಹೃದಯ, ಉಸಿರು, ಸಕ್ಕರೆ ಇವುಗಳ ಸ್ವಾಸ್ಥ್ಯಕ್ಕಾಗಿ, ಆ ಮೂಲಕ ಧರ್ಮಸಾಧನೆಗಾಗಿ ಬಯಸುವವರು ಅದನ್ನು ತಾಳಿಕೊಳ್ಳುತ್ತಾರೆ.

ಎರಡನೆಯದು ಸಮ್ಯಕ್ ಜ್ಞಾನ. ಅಂತರರಾಷ್ಟ್ರೀಯ ತಜ್ಞ ಸಂಘಟನೆಗಳು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 35 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಈ ಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆಯಂಥ ತೊಡಕುಗಳು ಕಾಣಿಸುವುದರಿಂದ 27.5ರಿಂದಲೇ ಯೋಗ್ಯತೆಯನ್ನು ಪರಿಶೀಲಿಸಬಹುದು. ಆದರೆ ಅಂಕಿಯೊಂದೇ ಯೋಗ್ಯತೆಯಲ್ಲ. ರಕ್ತ, ಹೃದಯ, ನಿದ್ರೆಯಲ್ಲಿನ ಉಸಿರಾಟ ಎಲ್ಲದರ ಪರೀಕ್ಷೆಯಾಗಬೇಕು. ಮನಸ್ಸಿನ ಸ್ಥಿತಿಯನ್ನೂ ಅರಿಯಬೇಕು, ಏಕೆಂದರೆ ದುಃಖವನ್ನು ಊಟದಿಂದ ಮರೆಯುವ ರೂಢಿಯಿದ್ದವರಿಗೆ ಆ ಬಾಗಿಲು ಥಟ್ಟನೆ ಮುಚ್ಚುತ್ತದೆ. ತಂಬಾಕು, ಗುಟ್ಕಾಗಳನ್ನು ಬಿಡಲೇಬೇಕು. ಎಲ್ಲ ದೊಡ್ಡ ಶಸ್ತ್ರಚಿಕಿತ್ಸೆಗಳಂತೆ ಇದರಲ್ಲೂ ರಕ್ತಸ್ರಾವ, ಹೊಲಿಗೆಯ ಸೋರಿಕೆ, ರಕ್ತ ಹೆಪ್ಪುಗಟ್ಟುವಿಕೆಯಂಥ ಅಪಾಯಗಳುಂಟು. ಅವು ವಿರಳವಾದರೂ ಇಲ್ಲವೆಂದು ಯಾರೂ ಹೇಳಲಾರರು. ಇವನ್ನೆಲ್ಲ ಮನೆಯವರೂ ಕುಳಿತು ಕೇಳಿ ತಿಳಿದ ಬಳಿಕವೇ ಒಪ್ಪಿಗೆಯ ಸಹಿ ಹಾಕುವುದು ಲೇಸು.

ಮೂರನೆಯದು ಸಮ್ಯಕ್ ಚಾರಿತ್ರ. ಯಕೃತ್ತಿನ ಕೊಬ್ಬು ಇಳಿದು ಶಸ್ತ್ರಚಿಕಿತ್ಸೆ ಸುಲಭವಾಗಲೆಂದು ಸಾಮಾನ್ಯವಾಗಿ ಎರಡು ವಾರ ಮೊದಲೇ ಮಿತಾಹಾರವನ್ನು ವಿಧಿಸುತ್ತಾರೆ. ಆ ಅವಧಿಯನ್ನು ಮುಂದಿನ ಬಾಳಿನ ಅಭ್ಯಾಸವೆಂದು ತಿಳಿಯಬೇಕು. ತುತ್ತನ್ನು ನುಣ್ಣಗೆ ಅಗಿಯುವುದು, ತುತ್ತು ತುತ್ತಿಗೂ ನಿಲ್ಲುವುದು, ಊಟದ ನಡುವೆ ನೀರು ಕುಡಿಯದಿರುವುದು, ಇವನ್ನು ಆಸ್ಪತ್ರೆಯಿಂದ ಬಂದ ಮೇಲೆ ಕಲಿಯಲು ಹೊರಟರೆ ಕಷ್ಟ.

ಚಿಕಿತ್ಸೆಯ ಅನಂತರದ ಬಾಳಿಗೆ ‘ರತ್ನಕರಂಡಕ’ದ ಒಂದು ವಿಭಾಗವೇ ದಾರಿದೀಪ. ಭೋಗೋಪಭೋಗ ಪರಿಮಾಣ ವ್ರತವನ್ನು ಹೇಳುವಾಗ ಸಮಂತಭದ್ರರು ತ್ಯಾಗವನ್ನು ಎರಡಾಗಿ ವಿಂಗಡಿಸುತ್ತಾರೆ. ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗೂ ನಡೆಸತಕ್ಕದ್ದು ಯಮ. ಮೊದಲ ದಿನಗಳಲ್ಲಿ ತಿಳಿಯಾದ ದ್ರವ, ಬಳಿಕ ಗಂಜಿಯಂಥ ದ್ರವ, ಆಮೇಲೆ ಮೆದುವಾಗಿ ಹಿಸುಕಿದ ಅನ್ನ ಬೇಳೆ, ಒಂದೆರಡು ತಿಂಗಳಿಗೆ ಸಾಮಾನ್ಯ ಆಹಾರ, ಇದು ನಿಯಮ. ಮೆಟ್ಟಿಲನ್ನು ಹಾರಿ ಮೊದಲ ವಾರವೇ ಮುದ್ದೆ ನುಂಗಲು ಹೋದವರು ಅಪಾಯವನ್ನು ತಂದುಕೊಳ್ಳುತ್ತಾರೆ. ವೈದ್ಯರು ಹೇಳಿದ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಆಜೀವ ಸೇವಿಸುವುದು, ಕಾಲಕಾಲಕ್ಕೆ ರಕ್ತಪರೀಕ್ಷೆಗೆ ಹೋಗುವುದು, ಇದು ಯಮ. ಮೈ ಹಗುರಾಗಿ ಸುಖವಾಗಿದೆಯೆಂದು ಎರಡನೆಯ ವರ್ಷ ಮಾತ್ರೆಯನ್ನು ಬಿಟ್ಟವರಲ್ಲಿ ಕೊರತೆಯು ಸದ್ದಿಲ್ಲದೆ ಬೆಳೆಯುತ್ತದೆ. ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆಯಿರುವ ಬಿ12 ಇನ್ನಷ್ಟು ಕುಸಿದರೆ ನರಗಳೇ ಬಳಲುತ್ತವೆ. ವಾಂತಿ ನಿಲ್ಲದಿದ್ದರೆ ಥಯಾಮಿನ್ ಕೊರತೆಯಿಂದ ಮಿದುಳಿಗೂ ಹಾನಿಯಾದೀತು, ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. ಹನೂರಿನ ಆಚೆಯ ಹಳ್ಳಿಯಿಂದ ಮೈಸೂರಿಗೆ ಬಸ್ಸು ಹಿಡಿದು ಹೋಗುವುದು ಶ್ರಮವೇ ಸರಿ, ಆದರೂ ಆ ಪಯಣವು ವ್ರತದ ಭಾಗವೇ. ಮಕ್ಕಳನ್ನು ಪಡೆಯಬಯಸುವ ಸ್ತ್ರೀಯರು ಚಿಕಿತ್ಸೆಯ ಅನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬ ಸಲಹೆಯನ್ನೂ ಮನೆಯ ಹಿರಿಯರು ಅರಿತಿರಬೇಕು.

ಜೈನ ಆಹಾರಕ್ರಮದಲ್ಲಿ ಈ ಬಾಳು ಸಾಧ್ಯವೇ ಎಂದು ಕೆಲವರು ಅಂಜುತ್ತಾರೆ. ಸಾಧ್ಯವಿದೆ. ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಹಾಲು, ಮೊಸರು, ಪನೀರು, ಹೆಸರುಬೇಳೆ, ಕಡಲೆ, ಸೋಯಾಗಳಿಂದ ಅದನ್ನು ಹೊಂದಿಸಬಹುದು. ಗಡ್ಡೆಗೆಣಸುಗಳನ್ನು ಬಿಟ್ಟಿದ್ದರಿಂದ ನಷ್ಟವೇನೂ ಇಲ್ಲ. ಹಸಿ ಹಾಲು ಮೊಸರಿನೊಡನೆ ಬೇಳೆಕಾಳು ಬೆರೆಸಬಾರದೆಂಬ ದ್ವಿದಳ ನಿಯಮವನ್ನು ಪಾಲಿಸುವವರು ಎರಡನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಬಹುದು. ದಿನದಲ್ಲಿ ಐದಾರು ಬಾರಿ ಸ್ವಲ್ಪ ಸ್ವಲ್ಪ ಉಣ್ಣಬೇಕಾದವರು ಮುಂಜಾನೆ ಬೇಗ ಆರಂಭಿಸಿದರೆ ಸೂರ್ಯಾಸ್ತದೊಳಗೆ ಎಲ್ಲವೂ ಮುಗಿಯುತ್ತದೆ. ಪ್ರಾಣಿಮೂಲದ ಜೆಲಾಟಿನ್ ಕ್ಯಾಪ್ಸೂಲನ್ನು ಒಲ್ಲದವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು, ಮಾತ್ರೆಗಳೂ ಸಸ್ಯಮೂಲದ ಕ್ಯಾಪ್ಸೂಲುಗಳೂ ದೊರೆಯುತ್ತವೆ. ನೀರಿನ ವಿಷಯ ಮಾತ್ರ ಬೇರೆ. ಪುಟ್ಟ ಜಠರಕ್ಕೆ ಒಮ್ಮೆಲೇ ಲೋಟ ನೀರು ಹಿಡಿಸದು, ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಿಲ್ಲದಂತೆ ಕುಡಿಯಬೇಕು. ಸೂರ್ಯಾಸ್ತದ ಬಳಿಕ ನೀರನ್ನೂ ಬಿಡುವವರಿಗೆ ಇದು ಕಠಿಣ. ನೀರೊಂದನ್ನು ಉಳಿಸಿಕೊಂಡು ಮಿಕ್ಕ ಆಹಾರವನ್ನು ತ್ಯಜಿಸುವ ಕ್ರಮವೂ ಪರಂಪರೆಯಲ್ಲೇ ಇದೆ. ಗುರುಗಳನ್ನೂ ವೈದ್ಯರನ್ನೂ ಕೇಳಿ ಅದನ್ನು ಆರಿಸಿಕೊಳ್ಳುವುದರಲ್ಲಿ ಹೀನಾಯವೇನಿದೆ?

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮನಸ್ಸಿನ ಹಸಿವು. ಇದೇ ವ್ರತಕ್ಕೆ ಸಮಂತಭದ್ರರು ಐದು ಅತಿಚಾರಗಳನ್ನು ಹೇಳಿದ್ದಾರೆ. ವಿಷಯಗಳೆಂಬ ವಿಷದಲ್ಲಿ ಆದರವನ್ನು ಬಿಡದಿರುವುದು, ಹಿಂದೆ ಅನುಭವಿಸಿದ್ದನ್ನು ಮತ್ತೆ ಮತ್ತೆ ನೆನೆಯುವುದು, ಅತಿಯಾದ ಲೋಲುಪತೆ, ಮುಂದಿನದಕ್ಕಾಗಿ ಅತಿಯಾದ ತೃಷೆ, ಅತಿಯಾದ ಅನುಭವ. ಚಿಕಿತ್ಸೆಯಾದವರ ಬಾಳಿನಲ್ಲಿ ಐದೂ ಎದುರಾಗುತ್ತವೆ. ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನು ಕಂಡಾಗ ಹೊಟ್ಟೆ ತುಂಬಿದ್ದರೂ ನೆನಪು ಹಸಿಯುತ್ತದೆ. ಎರಡು ತುತ್ತಿಗೆ ಏಳಬೇಕಾದವನಿಗೆ ಏನನ್ನೋ ಕಳೆದುಕೊಂಡ ದುಃಖವಾಗುತ್ತದೆ. ಆ ದುಃಖವು ಸುಳ್ಳಲ್ಲ, ಅದನ್ನು ಗುರುತಿಸಿ ಹೆಸರಿಟ್ಟು ಕರೆದ ಶಾಸ್ತ್ರವು ಮನುಷ್ಯನನ್ನು ಚೆನ್ನಾಗಿ ಅರಿತಿದೆ. ಅದನ್ನು ಕಾಣದೆ ಬಿಟ್ಟರೆ ತೃಷೆಯು ಕಳ್ಳದಾರಿ ಹುಡುಕುತ್ತದೆ. ಹೋಳಿಗೆ ಹಿಡಿಸದ ಜಠರಕ್ಕೆ ಸಿಹಿ ಪಾನಕ ಸುಲಭವಾಗಿ ಇಳಿಯುತ್ತದೆ, ದಿನವಿಡೀ ಕುರುಕುವ ಚಕ್ಕುಲಿಗೂ ಜಾಗ ದೊರೆಯುತ್ತದೆ. ಬೈಪಾಸ್ ಆದವರು ಸಿಹಿ ತಿಂದರೆ ಎದೆ ಹೊಡೆದುಕೊಂಡು, ಬೆವರಿ, ತಲೆಸುತ್ತಿ ಬಳಲುವುದೂ ಉಂಟು. ಒಂದೂವರೆ ವರ್ಷದವರೆಗೆ ಇಳಿದ ತೂಕವು ಆಮೇಲೆ ಮೆಲ್ಲನೆ ಮರಳುವುದು ಬಹುತೇಕ ಈ ದಾರಿಯಲ್ಲಿಯೇ. ದಿನದ ಪ್ರತಿಕ್ರಮಣದಲ್ಲಿ ಈ ಐದನ್ನೂ ತನ್ನಲ್ಲಿ ಹುಡುಕಿ ನೋಡುವುದು ಯಾವ ದಿನಚರಿ ಪುಸ್ತಕಕ್ಕೂ ಕಡಿಮೆಯಲ್ಲದ ಕಾವಲು.

ಇನ್ನು ಉಪವಾಸದ ಪ್ರಶ್ನೆ. ಭಾದ್ರಪದ ಶುಕ್ಲ ಪಂಚಮಿಯಿಂದ ಹತ್ತು ದಿನಗಳ ದಶಲಕ್ಷಣ ಪರ್ವ ಬರುತ್ತದೆ. ಶ್ವೇತಾಂಬರರಿಗೆ ಎಂಟು ದಿನಗಳ ಪರ್ಯೂಷಣ. ಚಿಕಿತ್ಸೆಯಾದ ವರ್ಷವೇ, ‘ಈಗ ಹಸಿವಿಲ್ಲವಲ್ಲ, ಈ ಬಾರಿ ಎಂಟೂ ದಿನ ಉಪವಾಸ ಮಾಡಿಯೇ ಬಿಡುತ್ತೇನೆ’ ಎನ್ನುವ ಉತ್ಸಾಹ ಕೆಲವರಿಗೆ ಬರುತ್ತದೆ. ಇನ್ನು ಕೆಲವರಿಗೆ ನೆರೆಹೊರೆಯ ಒತ್ತಾಯ. ಇದು ಪ್ರಾಣಕ್ಕೇ ಎರವಾಗಬಲ್ಲ ಭ್ರಮೆ. ಹಸಿವಿಲ್ಲದಿರುವುದು ದೇಹಕ್ಕೆ ಅಗತ್ಯವಿಲ್ಲವೆಂಬುದರ ಗುರುತಲ್ಲ. ನೀರಿನ ಕೊರತೆ, ಸ್ನಾಯುಗಳ ಕ್ಷಯ, ಪಿತ್ತಕೋಶದ ಕಲ್ಲು, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆಯ ಏಕಾಏಕಿ ಕುಸಿತ, ಇವೆಲ್ಲ ಹೊಂಚುಹಾಕಿರುತ್ತವೆ. ತೂಕವು ಸ್ಥಿರವಾಗುವವರೆಗೆ, ವೈದ್ಯರ ಒಪ್ಪಿಗೆಯಿಲ್ಲದೆ ಇಂಥವರು ಉಪವಾಸಕ್ಕೆ ಇಳಿಯಬಾರದು. ತೀರ್ಥಂಕರ ಪದವಿಗೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ತತ್ತ್ವಾರ್ಥಸೂತ್ರವು ‘ಶಕ್ತಿಗೆ ತಕ್ಕಂತೆ’ ಎಂಬ ನಿಬಂಧನೆಯನ್ನು ಸೇರಿಸಿದೆ. ಶಕ್ತಿಯನ್ನು ಮೀರುವುದು ತಪಸ್ಸಿನ ಹೆಚ್ಚಳವಲ್ಲ.

ಹಾಗಾದರೆ ಅವರಿಗೆ ತಪಸ್ಸೇ ಇಲ್ಲವೇ? ಆರು ಬಾಹ್ಯ ತಪಗಳಲ್ಲಿ ಅನಶನದ ಮಗ್ಗುಲಲ್ಲೇ ಅವಮೌದರ್ಯವಿದೆ, ಹೊಟ್ಟೆಗೆ ಕಡಿಮೆ ಉಣ್ಣುವ ತಪ. ಪುರುಷನ ಪೂರ್ಣ ಊಟ 32 ತುತ್ತು, ಸ್ತ್ರೀಯದು 28 ತುತ್ತು ಎಂದು ‘ಭಗವತೀ ಆರಾಧನೆ’ಯು ಎಣಿಸುತ್ತದೆ. ಅದರಿಂದ ಒಂದೊಂದೇ ತುತ್ತನ್ನು ಇಳಿಸುತ್ತ ಬರುವುದು ಅವಮೌದರ್ಯ. ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯ, ಇವು ಅದರ ಫಲಗಳೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಹೇಳುತ್ತಾರೆ. ಜಠರವು ಕಿರಿದಾದ್ದರಿಂದ ಕಡಿಮೆ ಉಂಡರೆ ಅದು ಕೇವಲ ದೇಹಧರ್ಮ. ಕಡಿಮೆಯಲ್ಲಿ ತೃಪ್ತಿಯನ್ನು ಕಂಡು, ಉಳಿದ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಟ್ಟು ಉಂಡರೆ ಅದೇ ತುತ್ತು ತಪಸ್ಸಾಗುತ್ತದೆ. ಉಪವಾಸಕ್ಕೆ ಪಾರಣೆಯ ದಿನವೊಂದಿದೆ, ಇಂಥವರ ಅವಮೌದರ್ಯಕ್ಕೆ ಅದಿಲ್ಲ. ರಸಪರಿತ್ಯಾಗದಲ್ಲಿಯೂ ಸಕ್ಕರೆ ಬೆಲ್ಲಗಳನ್ನು, ಎಣ್ಣೆಯನ್ನು ಬಿಡುವುದು ಇವರಿಗೆ ಹಿತ. ಪ್ರೋಟೀನಿಗೆ ಆಸರೆಯಾದ ಹಾಲು ಮೊಸರುಗಳನ್ನು ಬಿಡುವುದು ಅಹಿತ. ಯಾವ ತ್ಯಾಗ ಯಾರಿಗೆ ಎಂಬ ವಿವೇಕವೂ ವ್ರತದ ಅಂಗವೇ.

ಕೊನೆಯದಾಗಿ, ಈ ಹೊಣೆ ರೋಗಿಯೊಬ್ಬನದೇ ಅಲ್ಲ. ‘ರತ್ನಕರಂಡಕ’ವು ವೈಯಾವೃತ್ಯವನ್ನು, ಎಂದರೆ ಸೇವೆಯನ್ನು, ಶ್ರಾವಕನ ವ್ರತಗಳಲ್ಲಿ ಸೇರಿಸಿ ಆಹಾರದೊಡನೆ ಔಷಧವನ್ನೂ ದಾನಗಳಲ್ಲಿ ಎಣಿಸಿದೆ. ಮನೆಯವರು ‘ಇನ್ನೊಂದು ತುತ್ತು’ ಎಂದು ಬಲವಂತ ಮಾಡದಿರುವುದೇ ಇಲ್ಲಿ ಮೊದಲ ಸೇವೆ. ಪಂಕ್ತಿಯಲ್ಲಿ ಅರ್ಧ ಎಲೆಗೆ ಬಡಿಸಿ ಸುಮ್ಮನಿರುವುದು, ಸಮಾರಂಭದಲ್ಲಿ ಬೇಳೆಯ ತೊವ್ವೆಯನ್ನು ಮೊದಲು ನೀಡುವುದು, ಪರೀಕ್ಷೆಯ ದಿನ ಜೊತೆಗೆ ಬಸ್ಸು ಹತ್ತುವುದು, ದೇಹದ ಬಗ್ಗೆ ಆಡುವ ಮಾತಿನಲ್ಲಿ ಅಹಿಂಸೆಯನ್ನು ಪಾಲಿಸುವುದು, ಇವೆಲ್ಲವೂ ವೈಯಾವೃತ್ಯವೇ.

ದಶಲಕ್ಷಣದ ಏಳನೆಯ ದಿನ ಉತ್ತಮ ತಪದ ದಿನ. ಅಂದು ಬಸದಿಯಲ್ಲಿ ‘ಎಷ್ಟು ಉಪವಾಸ?’ ಎಂದು ಒಬ್ಬರನ್ನೊಬ್ಬರು ಕೇಳುವುದು ವಾಡಿಕೆ. ಚಿಕಿತ್ಸೆಯಾಗಿ ಬಂದವರು ‘ಅವಮೌದರ್ಯ, ಪ್ರತಿದಿನ’ ಎಂದು ಉತ್ತರಿಸಿದರೆ, ಎಂಟು ದಿನ ಉಪವಾಸ ಮಾಡಿದವರಿಗೆ ಸಲ್ಲುವ ಅನುಮೋದನೆಯೇ ಅವರಿಗೂ ಸಲ್ಲಬೇಕು. ಸಮಂತಭದ್ರರು ಕಾಂಚಿಯಿಂದ ಮರಳಿ ಬಂದಾಗ ಸಂಘವು ಅವರನ್ನು ಪುನಃ ಮುನಿಯೆಂದೇ ಬರಮಾಡಿಕೊಂಡಿತು. ಗುಡಿಯಲ್ಲಿ ಎಷ್ಟು ಉಂಡಿರಿ ಎಂದು ಕೇಳಿದ ಸುದ್ದಿ ಯಾವ ಕಥೆಯಲ್ಲೂ ಇಲ್ಲ.